ಥೇಮ್ಸ್ ನದಿಯ ಕಥೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದಲ್ಲಿ ಕೆಂಬಲ್ ಎಂಬ ಹಳ್ಳಿಯ ಸಮೀಪ ಒಂದು ವಿಶಾಲವಾದ ಹುಲ್ಲುಗಾವಲಿದೆ. ಅದರ ಅಂಚಿನಲ್ಲಿ ಒಂದು ಮರ. ಮರದ ಬುಡದಲ್ಲಿ ಒಂದು ನೆಟ್ಟ ಕಲ್ಲು. ಕಲ್ಲಿನ ಮುಂದೆ ಉರುಟುಕಲ್ಲುಗಳು ಚೆಲ್ಲಿದ ಒಂದು ಸಣ್ಣ ತಗ್ಗು. ಥೇಮ್ಸ್ ನದಿ ಇಲ್ಲಿ ಹುಟ್ಟುತ್ತದೆಂದು ಆ ಕಲ್ಲು ಸಾರುತ್ತದೆ. ಆದರೆ ಬೇಸಗೆಯಲ್ಲಿ ಅಲ್ಲಿಗೆ ಹೋದವನಿಗೆ ನೀರಿನ ಹನಿಯೂ ಕಾಣಿಸದಿರುವುದುಂಟು. ಸುಣ್ಣಕಲ್ಲಿನ ನೆಲದೊಳಗಿನ ಅಂತರ್ಜಲ ಚಳಿಗಾಲದ ಮಳೆಯಿಂದ ತುಂಬಿ ಮೇಲೆದ್ದಾಗ ಮಾತ್ರ ಅಲ್ಲಿ ಬುಗ್ಗೆ ಜಿನುಗುತ್ತದೆ. ೨೦೨೨ರ ಬರಗಾಲದಲ್ಲಂತೂ ನದಿಯ ಹರಿವು ಆ ಕಲ್ಲಿನಿಂದ ಸುಮಾರು ೮ ಕಿಲೋಮೀಟರು ಕೆಳಗೆ ಸರಿದು ಹೋಗಿತ್ತು. ಅಲ್ಲದೆ ಈ ಕಲ್ಲಿಗೆ ಒಬ್ಬ ಪ್ರತಿಸ್ಪರ್ಧಿಯೂ ಇದೆ. ಚರ್ನ್ ಎಂಬ ಉಪನದಿ ಹುಟ್ಟುವ ‘ಏಳು ಬುಗ್ಗೆ’ಗಳೇ ನಿಜವಾದ ಉಗಮವೆಂದು ವಾದಿಸುವವರು ಹಿಂದಿನಿಂದಲೂ ಇದ್ದಾರೆ. ಬ್ರಿಟಿಷ್ ಸಾಮ್ರಾಜ್ಯದ ರಾಜಧಾನಿಯನ್ನು ಬೆಳೆಸಿದ ನದಿಯ ಹುಟ್ಟು ಹೀಗೆ ತೀರ ಸಾಮಾನ್ಯವಾದದ್ದು, ವಿವಾದಾಸ್ಪದವೂ ಆದದ್ದು.

ನದಿಯ ಒಟ್ಟು ಉದ್ದ ೩೪೬ ಕಿಲೋಮೀಟರು. ಭಾರತದ ಮಹಾನದಿಗಳ ಪಕ್ಕದಲ್ಲಿ ಇದು ಅತ್ಯಲ್ಪ. ಕ್ರಿಕ್‌ಲೇಡ್‌ನವರೆಗೆ ಅದು ತೊರೆ. ಲೆಚ್‌ಲೇಡ್ ಪಟ್ಟಣ ಸೇರುವಷ್ಟರಲ್ಲಿ ದೋಣಿಗಳನ್ನು ಹೊರುವಷ್ಟು ಮೈತುಂಬಿಕೊಳ್ಳುತ್ತದೆ. ಅಲ್ಲಿನ ಸೇಂಟ್ ಜಾನ್ ಜಲಬಂಧದ ಬಳಿ ಗಡ್ಡಧಾರಿಯಾದ ‘ಥೇಮ್ಸ್ ತಾತ’ನ ಶಿಲ್ಪವೊಂದು ಒರಗಿ ಕುಳಿತಿದೆ. ಇದು ಮೊದಲು ಉಗಮಸ್ಥಾನದಲ್ಲಿಯೇ ಇತ್ತು. ೧೯೭೪ರಲ್ಲಿ ಇಲ್ಲಿಗೆ ತರಲಾಯಿತು. ಮುಂದೆ ನದಿ ಆಕ್ಸ್‌ಫರ್ಡ್ ವಿದ್ಯಾನಗರವನ್ನು ಬಳಸಿ ಹರಿಯುತ್ತದೆ. ಆಕ್ಸ್‌ಫರ್ಡಿನವರು ತಮ್ಮ ಊರಿನ ಥೇಮ್ಸನ್ನು ‘ಐಸಿಸ್’ ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ. ಗೋರಿಂಗ್ ಎಂಬಲ್ಲಿ ಚಿಲ್ಟರ್ನ್ ಬೆಟ್ಟಸಾಲಿಗೂ ಬರ್ಕ್‌ಶೈರಿನ ದಿಬ್ಬಗಳಿಗೂ ನಡುವಿನ ಕಣಿವೆಯಲ್ಲಿ ನುಸುಳಿ, ರೆಡಿಂಗ್ ನಗರದಲ್ಲಿ ಕೆನೆಟ್ ನದಿಯನ್ನು ಕೂಡಿಸಿಕೊಂಡು, ದೋಣಿ ಪಂದ್ಯಗಳಿಗೆ ಹೆಸರಾದ ಹೆನ್ಲಿಯನ್ನು ದಾಟಿ, ರಾಜರ ಕೋಟೆಯಿರುವ ವಿಂಡ್ಸರಿಗೆ ಬರುತ್ತದೆ. ವಿಂಡ್ಸರಿನ ಕೆಳಗೆ ರನ್ನಿಮೀಡ್ ಎಂಬ ತೇವದ ಬಯಲಿದೆ. ೧೨೧೫ರ ಜೂನ್ ೧೫ರಂದು ಜಾನ್ ದೊರೆ ತನ್ನ ಸಾಮಂತರ ಒತ್ತಾಯಕ್ಕೆ ಮಣಿದು ಮ್ಯಾಗ್ನಾ ಕಾರ್ಟಾ ಸನ್ನದಿಗೆ ಒಪ್ಪಿಗೆಯ ಮುದ್ರೆಯೊತ್ತಿದ್ದು ಅಲ್ಲಿ.

ಟೆಡ್ಡಿಂಗ್ಟನ್ ಎಂಬ ಊರಿನ ಒಡ್ಡು ಈ ನದಿಯನ್ನು ಎರಡು ಭಾಗ ಮಾಡುತ್ತದೆ. ಅದರ ಮೇಲಿನದು ಸಿಹಿನೀರಿನ ಶಾಂತ ನದಿ. ಜಲಬಂಧಗಳ ಮೆಟ್ಟಿಲುಗಳಲ್ಲಿ ಒಂದೊಂದಾಗಿ ಇಳಿದು ಬರುವಂಥದು. ಅದರ ಕೆಳಗಿನದು ಸಮುದ್ರದ ಅಂಕೆಗೆ ಒಳಪಟ್ಟದ್ದು. ಉತ್ತರ ಸಮುದ್ರದ ಉಬ್ಬರ ದಿನಕ್ಕೆರಡು ಸಲ ಲಂಡನ್ ನಗರವನ್ನು ಹಾಯ್ದು ಇಲ್ಲಿಯವರೆಗೂ ನುಗ್ಗಿಬರುತ್ತದೆ. ಲಂಡನ್ ಸೇತುವೆಯ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಏಳು ಮೀಟರಿನಷ್ಟು ಏರಿಳಿಯುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಥೇಮ್ಸಿನ ಚರಿತ್ರೆಯ ಬಹುಭಾಗ ಅರ್ಥವಾಗುತ್ತದೆ. ಹಡಗುಗಳನ್ನು ಒಳನಾಡಿಗೆ ತಂದು ನಗರಕ್ಕೆ ಸಂಪತ್ತನ್ನು ಕೊಟ್ಟದ್ದು ಈ ಉಬ್ಬರ; ನಗರದ ಹೊಲಸನ್ನು ಸಮುದ್ರಕ್ಕೆ ಹೋಗಗೊಡದೆ ಮರಳಿ ನಗರಕ್ಕೇ ತಂದದ್ದೂ ಈ ಉಬ್ಬರವೇ.

ನದಿಯ ಹೆಸರಿನ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿ ‘ಥೇಮ್ಸ್’ ಎಂದು ಬರೆಯುವ ರೂಢಿ ಬಹುಕಾಲದಿಂದ ಬಂದಿದೆ. ಆಂಗ್ಲರು ಅದನ್ನು ‘ಟೆಮ್ಸ್’ ಎಂದೇ ಉಚ್ಚರಿಸುತ್ತಾರೆ. ರೋಮನರ ಬರಹಗಳಲ್ಲಿ ಅದು ‘ಟಮೆಸಿಸ್’. ಹಾಗಾಗಿ ಹಕಾರ ನಡುವೆ ಸೇರಿಕೊಂಡದ್ದು ಲಿಪಿಕಾರರ ಆಡಂಬರವಲ್ಲದೆ ಜನರ ನಾಲಗೆಯದಲ್ಲ.

ಮನುಷ್ಯರ ಚರಿತ್ರೆಗಿಂತ ಮೊದಲು ಈ ನದಿ ಬೇರೊಂದು ದಾರಿಯಲ್ಲಿ ಹರಿಯುತ್ತಿತ್ತು. ಈಗಿನ ಲಂಡನ್ನಿನ ಉತ್ತರಕ್ಕೆ, ಸೇಂಟ್ ಆಲ್ಬನ್ಸ್ ಪಟ್ಟಣದ ಕಡೆಯಿಂದ ಎಸೆಕ್ಸ್ ಪ್ರಾಂತವನ್ನು ಹಾಯ್ದು ಅದು ಪೂರ್ವಕ್ಕೆ ಸಾಗುತ್ತಿತ್ತು. ಸುಮಾರು ನಾಲ್ಕೂವರೆ ಲಕ್ಷ ವರ್ಷಗಳ ಹಿಂದೆ ಉತ್ತರದಿಂದ ಇಳಿದುಬಂದ ಮಹಾಹಿಮರಾಶಿ ಆ ಕಣಿವೆಯನ್ನು ಮುಚ್ಚಿಬಿಟ್ಟಿತು. ತಡೆಯಲ್ಪಟ್ಟ ನೀರು ದಕ್ಷಿಣಕ್ಕೆ ಹೊರಳಿ ಈಗಿನ ಪಾತ್ರವನ್ನು ಕೊರೆದುಕೊಂಡಿತು. ಸಮುದ್ರದ ಮಟ್ಟ ತಗ್ಗಿದ್ದ ಯುಗಗಳಲ್ಲಿ ಬ್ರಿಟನ್ ದ್ವೀಪವಾಗಿರದೆ ಯೂರೋಪಿನ ನೆಲಕ್ಕೆ ಅಂಟಿಕೊಂಡಿತ್ತು. ಆಗ ಥೇಮ್ಸ್ ಮುಂದೆ ಹರಿದು ಜರ್ಮನಿಯ ರೈನ್ ನದಿಯನ್ನು ಸೇರುತ್ತಿತ್ತು.

ಕ್ರಿಸ್ತಪೂರ್ವ ೫೪ರಲ್ಲಿ ಜೂಲಿಯಸ್ ಸೀಸರನು ಈ ನದಿಯನ್ನು ದಾಟಿದನು. ದಂಡೆಯಲ್ಲಿಯೂ ನೀರಿನೊಳಗೂ ಚೂಪಾದ ಗೂಟಗಳನ್ನು ನೆಟ್ಟು ಬ್ರಿಟನ್ನರು ಅವನನ್ನು ತಡೆಯಲು ಯತ್ನಿಸಿದರೆಂದು ಅವನೇ ಬರೆದಿದ್ದಾನೆ. ಸುಮಾರು ಒಂದು ಶತಮಾನದ ಬಳಿಕ ಬಂದು ನೆಲೆಯೂರಿದ ರೋಮನರು, ಸೇತುವೆ ಕಟ್ಟಲು ಗಟ್ಟಿಯಾದ ದಂಡೆಯೂ ಹಡಗು ಬರಲು ಸಾಕಷ್ಟು ಆಳವೂ ಒಟ್ಟಿಗೆ ದೊರೆಯುವ ತಾಣವನ್ನು ಆರಿಸಿ ಅಲ್ಲಿ ಲಂಡಿನಿಯಮ್ ಎಂಬ ಪಟ್ಟಣವನ್ನು ಕಟ್ಟಿದರು. ಅಂದಿನಿಂದ ಇಂದಿನವರೆಗೆ ಲಂಡನ್ ಸೇತುವೆ ಹೆಚ್ಚುಕಡಮೆ ಆ ತಾಣವನ್ನು ಬಿಟ್ಟು ಕದಲಿಲ್ಲ.

ಅಲ್ಲಿ ನಿಂತ ಸೇತುವೆಗಳಲ್ಲೆಲ್ಲ ಕೌತುಕಕರವಾದದ್ದು ಮಧ್ಯಯುಗದ ಕಲ್ಲಿನ ಸೇತುವೆ. ಪೀಟರ್ ಆಫ್ ಕೋಲ್‌ಚರ್ಚ್ ಎಂಬ ಪಾದ್ರಿ ೧೧೭೬ರಲ್ಲಿ ಅದನ್ನು ಆರಂಭಿಸಿದನು. ೧೨೦೯ರಲ್ಲಿ ಅದು ಪೂರ್ಣಗೊಂಡಿತು, ಆ ವೇಳೆಗೆ ಅವನು ಬದುಕಿರಲಿಲ್ಲ. ಸೇತುವೆಯ ಮೇಲೆ ಸಾಲುಸಾಲು ಮನೆಗಳು, ಅಂಗಡಿಗಳು, ಒಂದು ದೇವಾಲಯ, ಕೊನೆಯಲ್ಲಿ ರಾಜದ್ರೋಹಿಗಳ ತಲೆಗಳನ್ನು ಸಿಕ್ಕಿಸಿ ಇಡುತ್ತಿದ್ದ ಹೆಬ್ಬಾಗಿಲು. ಒತ್ತೊತ್ತಾಗಿ ನಿಂತ ಅದರ ದಪ್ಪ ಕಂಬಗಳು ಅರ್ಧ ಅಣೆಕಟ್ಟಿನಂತೆ ನದಿಯನ್ನು ಹಿಡಿದು ನಿಲ್ಲಿಸುತ್ತಿದ್ದವು. ಇಳಿತದ ಸಮಯದಲ್ಲಿ ಕಮಾನುಗಳ ಕೆಳಗೆ ನೀರು ಧಬಧಬೆಯಂತೆ ಧುಮುಕುತ್ತಿದ್ದುದರಿಂದ ಜಾಗರೂಕರಾದ ಪ್ರಯಾಣಿಕರು ಸೇತುವೆಯ ಈಚೆಗೆ ದೋಣಿಯಿಂದಿಳಿದು, ನಡೆದು, ಆಚೆಗೆ ಮತ್ತೆ ಹತ್ತುತ್ತಿದ್ದರು. ಮೇಲ್ಭಾಗದಲ್ಲಿ ನೀರಿನ ವೇಗ ಕುಗ್ಗಿದ್ದರಿಂದ ಕಠಿಣವಾದ ಚಳಿಗಾಲಗಳಲ್ಲಿ ನದಿ ಹೆಪ್ಪುಗಟ್ಟುತ್ತಿತ್ತು. ಆಗ ಹಿಮದ ಮೇಲೆ ಜಾತ್ರೆ ನೆರೆಯುತ್ತಿತ್ತು. ೧೬೮೩–೮೪ರ ಚಳಿಗಾಲದಲ್ಲಿ ನದಿಯ ಮೇಲೆಯೇ ಅಂಗಡಿಬೀದಿಗಳು ಎದ್ದವು. ಮುದ್ರಣಯಂತ್ರವನ್ನು ಹೂಡಿ ಜನರ ಹೆಸರುಗಳನ್ನು ಅಚ್ಚುಹಾಕಿ ಮಾರಿದರು. ಅಂಥ ಕೊನೆಯ ಜಾತ್ರೆ ೧೮೧೪ರಲ್ಲಿ ನಡೆಯಿತು. ೧೮೩೧ರಲ್ಲಿ ಹೊಸ ಸೇತುವೆ ತೆರೆದು, ಹಳೆಯದನ್ನು ಕೆಡವಿದ ಮೇಲೆ ನೀರು ಸರಾಗವಾಗಿ ಹರಿಯತೊಡಗಿ ಲಂಡನ್ನಿನಲ್ಲಿ ನದಿ ಹೆಪ್ಪುಗಟ್ಟುವುದು ನಿಂತಿತು. ಆ ಹೊಸ ಸೇತುವೆಯ ಗತಿಯೂ ಸ್ವಾರಸ್ಯವಾದದ್ದೇ: ೧೯೬೮ರಲ್ಲಿ ಅದನ್ನು ಅಮೆರಿಕದವರಿಗೆ ಮಾರಲಾಯಿತು, ಕಲ್ಲುಕಲ್ಲಾಗಿ ಬಿಚ್ಚಿ ಸಾಗಿಸಿದ ಆ ಸೇತುವೆ ಈಗ ಅರಿಜೋನದ ಮರುಭೂಮಿಯ ಊರೊಂದರಲ್ಲಿದೆ.

ಹದಿನೆಂಟನೆಯ ಶತಮಾನದ ಕೊನೆಗೆ ಹಡಗುಗಳು ಎಷ್ಟು ಹೆಚ್ಚಿದವೆಂದರೆ ಅವು ನದಿಯಲ್ಲಿ ವಾರಗಟ್ಟಲೆ ಕಾದು ನಿಲ್ಲಬೇಕಾಯಿತು, ಕಳ್ಳತನಕ್ಕೆ ಮಿತಿಯಿರಲಿಲ್ಲ. ಆಗ ದಂಡೆಯ ನೆಲವನ್ನು ಅಗೆದು, ಎತ್ತರದ ಗೋಡೆಗಳಿಂದ ಸುತ್ತುವರಿದ ಹಡಗುಕಟ್ಟೆಗಳನ್ನು ಕಟ್ಟಲಾಯಿತು. ೧೮೦೨ರಲ್ಲಿ ವೆಸ್ಟ್ ಇಂಡಿಯಾ ಕಟ್ಟೆ, ೧೮೦೬ರಲ್ಲಿ ಈಸ್ಟ್ ಇಂಡಿಯಾ ಕಟ್ಟೆ. ಭಾರತದ ನೀಲಿ, ಹತ್ತಿ, ಮೆಣಸು, ಚೀನದ ಚಹ ಎಲ್ಲವೂ ಇಲ್ಲಿ ಇಳಿದವು. ಆ ಹಡಗುಗಳಲ್ಲಿ ದುಡಿದ ಭಾರತೀಯ ನಾವಿಕರನ್ನು ‘ಲಸ್ಕರ್’ಗಳೆಂದು ಕರೆಯುತ್ತಿದ್ದರು. ಲಂಡನ್ನಿಗೆ ಬಂದು, ಮರಳುವ ಹಡಗು ಸಿಗದೆ, ಚಳಿಯಲ್ಲಿ ಬೀದಿಪಾಲಾದವರು ಅನೇಕರು. ಅಂಥವರಿಗಾಗಿ ಲೈಮ್‌ಹೌಸ್ ಎಂಬ ದಂಡೆಯ ಬಡಾವಣೆಯಲ್ಲಿ ೧೮೫೭ರಲ್ಲಿ ಒಂದು ಆಶ್ರಯಗೃಹ ತೆರೆಯಿತು. ಬಂದರಿನ ವೈಭವವನ್ನು ವರ್ಣಿಸುವ ಗ್ರಂಥಗಳಲ್ಲಿ ಇವರಿಗೆ ದೊರೆತಿರುವ ಸ್ಥಳ ಅಲ್ಪ. ಇಪ್ಪತ್ತನೆಯ ಶತಮಾನದಲ್ಲಿ ಸರಕು ಭಾರೀ ಪೆಟ್ಟಿಗೆಗಳಲ್ಲಿ ಸಾಗತೊಡಗಿ, ಅವುಗಳನ್ನು ಹೊರುವ ದೊಡ್ಡ ಹಡಗುಗಳಿಗೆ ಈ ಕಟ್ಟೆಗಳು ಸಾಲದಾದವು. ೧೯೬೭ರಿಂದ ೧೯೮೧ರೊಳಗೆ ಅವೆಲ್ಲ ಮುಚ್ಚಿದವು. ಬಂದರು ಕೆಳಗಿನ ಟಿಲ್‌ಬರಿಯ ಕಡೆಗೆ ಸರಿಯಿತು.

ಥೇಮ್ಸಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನನೀಯವಾದ ಭಾಗ ಅದರ ಸೇತುವೆಗಳದೂ ಅಲ್ಲ, ಹಡಗುಗಳದೂ ಅಲ್ಲ, ಅದರ ನೀರಿನದು.

೧೮೦೧ರಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು ೧೦ ಲಕ್ಷ. ೧೮೫೧ರ ವೇಳೆಗೆ ಅದು ೨೩ ಲಕ್ಷವನ್ನು ಮೀರಿತು. ಹಿಂದೆ ಮನೆಗಳ ಶೌಚಗುಂಡಿಗಳಲ್ಲಿ ಸೇರಿದ ಮಲವನ್ನು ರಾತ್ರಿಯಲ್ಲಿ ಗಾಡಿಗಳಿಗೆ ತುಂಬಿ ಊರಾಚೆಯ ರೈತರಿಗೆ ಗೊಬ್ಬರವಾಗಿ ಮಾರುತ್ತಿದ್ದರು. ಊರು ಬೆಳೆದಂತೆ ಹೊಲಗಳು ದೂರವಾದವು; ದಕ್ಷಿಣ ಅಮೆರಿಕದಿಂದ ಹಕ್ಕಿಯ ಹಿಕ್ಕೆಯ ಗೊಬ್ಬರ ಬಂದ ಮೇಲೆ ಈ ಸರಕಿಗೆ ಬೆಲೆಯೂ ಬಿದ್ದಿತು. ಅದೇ ಕಾಲಕ್ಕೆ ನೀರು ಸುರಿದು ತೊಳೆಯುವ ಶೌಚಾಲಯಗಳು ಬಳಕೆಗೆ ಬಂದವು. ಗುಂಡಿಗಳನ್ನು ಮುಚ್ಚಿ ಎಲ್ಲವನ್ನೂ ಚರಂಡಿಗೆ ಬಿಡಬೇಕೆಂದು ೧೮೪೮ರಿಂದ ಅಧಿಕಾರಿಗಳೇ ಒತ್ತಾಯಿಸಿದರು. ಮಳೆನೀರಿಗೆಂದು ಇದ್ದ ಆ ಚರಂಡಿಗಳು ನೇರವಾಗಿ ಥೇಮ್ಸಿಗೆ ಬೀಳುತ್ತಿದ್ದವು. ಮನೆಗಳು ಶುದ್ಧವಾದವು, ನದಿ ಗಟಾರವಾಯಿತು. ಇಳಿತದಲ್ಲಿ ಕೆಳಗೆ ಹೋದ ಹೊಲಸು ಉಬ್ಬರದಲ್ಲಿ ಮೇಲಕ್ಕೆ ಬಂದು, ವಾರಗಟ್ಟಲೆ ನಗರದೊಳಗೇ ತೂಗಾಡುತ್ತಿತ್ತು. ನಗರದ ಅನೇಕ ಖಾಸಗಿ ನೀರಿನ ಕಂಪನಿಗಳು ಕುಡಿಯುವ ನೀರನ್ನು ಎತ್ತುತ್ತಿದ್ದುದೂ ಇದೇ ನದಿಯಿಂದ.

೧೮೩೧ರಲ್ಲಿ ಕಾಲರಾ ರೋಗ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ೧೮೪೮–೪೯ರಲ್ಲಿ ಮತ್ತೆ ಬಂದು ಲಂಡನ್ನಿನಲ್ಲಿ ಸುಮಾರು ೧೪,೦೦೦ ಜನರನ್ನು ಬಲಿ ತೆಗೆದುಕೊಂಡಿತು. ದುರ್ವಾಸನೆಯ ಗಾಳಿಯೇ ರೋಗಕ್ಕೆ ಕಾರಣವೆಂದು ಅಂದಿನ ವೈದ್ಯರೂ ಆಡಳಿತಗಾರರೂ ದೃಢವಾಗಿ ನಂಬಿದ್ದರು. ಈ ನಂಬಿಕೆಯನ್ನು ಪ್ರಶ್ನಿಸಿದವನು ಜಾನ್ ಸ್ನೋ ಎಂಬ ವೈದ್ಯ. ಯಾರ್ಕ್ ನಗರದ ಕೂಲಿಗಾರನೊಬ್ಬನ ಮಗನಾಗಿ ೧೮೧೩ರಲ್ಲಿ ಹುಟ್ಟಿದ ಇವನು, ಕಾಲರಾ ಗಾಳಿಯಿಂದಲ್ಲ, ರೋಗಿಯ ಮಲದಿಂದ ಕೆಟ್ಟ ನೀರಿನ ಮೂಲಕ ಹರಡುತ್ತದೆಂದು ೧೮೪೯ರಲ್ಲಿಯೇ ಬರೆದಿದ್ದನು. ಯಾರೂ ಕಿವಿಗೊಡಲಿಲ್ಲ.

ಸ್ನೋ ಎಂದೊಡನೆ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದಕ್ಕಿಂತ ಬಲವಾದ ಸಾಕ್ಷ್ಯವನ್ನು ಅವನಿಗೆ ಒದಗಿಸಿದ್ದು ಥೇಮ್ಸ್ ನದಿ. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ನೀರು ಪೂರೈಸುತ್ತಿದ್ದವು: ಒಂದು ಲ್ಯಾಂಬೆತ್ ಕಂಪನಿ, ಇನ್ನೊಂದು ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ. ಹಿಂದೆ ಪೈಪೋಟಿಯಲ್ಲಿ ಕೊಳವೆಗಳನ್ನು ಹೂತಿದ್ದರಿಂದ ಒಂದೇ ಬೀದಿಯಲ್ಲಿ ಒಂದು ಮನೆಗೆ ಈ ಕಂಪನಿಯ ನೀರು, ಪಕ್ಕದ ಮನೆಗೆ ಆ ಕಂಪನಿಯ ನೀರು. ಬಡವ ಬಲ್ಲಿದರೆಂಬ ಭೇದವಿಲ್ಲ. ಉಸಿರಾಡುವ ಗಾಳಿಯೂ ಒಂದೇ. ೧೮೫೨ರಲ್ಲಿ ಲ್ಯಾಂಬೆತ್ ಕಂಪನಿ ನೀರೆತ್ತುವ ಜಾಗವನ್ನು ನಗರದ ಮಧ್ಯದಿಂದ ಟೆಡ್ಡಿಂಗ್ಟನ್ ಒಡ್ಡಿನ ಮೇಲಕ್ಕೆ, ಉಬ್ಬರ ತಲಪದೆಡೆಗೆ ಸಾಗಿಸಿತು. ಸದರ್ಕ್ ಕಂಪನಿ ಬ್ಯಾಟರ್‌ಸೀಯಲ್ಲಿ, ಹೊಲಸಿನ ನಡುವೆಯೇ, ನೀರೆತ್ತುತ್ತ ಉಳಿಯಿತು. ೧೮೫೪ರಲ್ಲಿ ಕಾಲರಾ ಮರುಕಳಿಸಿದಾಗ ಸ್ನೋ ಸತ್ತವರ ವಿಳಾಸಗಳನ್ನು ಪಡೆದು ಮನೆಮನೆಗೆ ನಡೆದನು. ಯಾವ ಕಂಪನಿಯ ನೀರೆಂದು ಬಾಡಿಗೆದಾರರಿಗೆ ತಿಳಿಯದೆಡೆ, ನೀರಿಗೆ ಸಿಲ್ವರ್ ನೈಟ್ರೇಟ್ ಬೆರೆಸಿ ಪರೀಕ್ಷಿಸಿದನು. ಉಬ್ಬರದ ಉಪ್ಪು ಸೇರಿದ ಬ್ಯಾಟರ್‌ಸೀಯ ನೀರಿನಲ್ಲಿ ದಟ್ಟವಾದ ಬಿಳಿಯ ಗಷ್ಟು ಕಟ್ಟುತ್ತಿತ್ತು. ಇನ್ನೊಂದರಲ್ಲಿ ತೀರ ಕಡಮೆ. ಮೊದಲ ಏಳು ವಾರಗಳ ಲೆಕ್ಕ ಹೀಗೆ ಬಂದಿತು: ಹತ್ತು ಸಾವಿರ ಮನೆಗಳಿಗೆ ಸದರ್ಕ್ ಕಂಪನಿಯ ನೀರು ಕುಡಿದವರಲ್ಲಿ ೩೧೫ ಸಾವು, ಲ್ಯಾಂಬೆತ್ ಕಂಪನಿಯ ನೀರು ಕುಡಿದವರಲ್ಲಿ ೩೭. ಎರಡೂ ಒಂದೇ ನದಿಯ ನೀರು. ಎತ್ತಿದ ಎಡೆ ಮಾತ್ರ ಬೇರೆ. ಇಷ್ಟು ಸ್ಪಷ್ಟವಾದ ಪ್ರಮಾಣವನ್ನು ಕಂಡ ಮೇಲೂ ಬಲ್ಲವರೆನಿಸಿಕೊಂಡವರು ಒಪ್ಪಲಿಲ್ಲವೆಂಬುದು ವಿಷಾದದ ಸಂಗತಿ.

೧೮೫೫ರ ಜುಲೈ ತಿಂಗಳಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಹಬೆದೋಣಿಯಲ್ಲಿ ಥೇಮ್ಸ್ ನದಿಯ ಮೇಲೆ ಪ್ರಯಾಣ ಮಾಡುತ್ತಿದ್ದನು. ನೀರಿನ ಬಣ್ಣವನ್ನು ಕಂಡು ಅಳುಕಿದ ಅವನು ಬಿಳಿಯ ಕಾಗದದ ಚೂರುಗಳನ್ನು ಒದ್ದೆಮಾಡಿ, ಪ್ರತಿಯೊಂದು ಕಟ್ಟೆಯ ಬಳಿಯೂ ಒಂದಿಷ್ಟನ್ನು ನೀರಿಗೆ ಬಿಟ್ಟನು. ಹೊಳೆಯುವ ಬಿಸಿಲಿನಲ್ಲಿಯೂ ಅವು ಒಂದು ಅಂಗುಲ ಮುಳುಗುವಷ್ಟರಲ್ಲಿ ಕಣ್ಮರೆಯಾದವು. ಈ ಪರೀಕ್ಷೆಯನ್ನು ಅವನು ಪತ್ರಿಕೆಗೆ ಬರೆದು, ಉದಾಸೀನ ಮಾಡಿದರೆ ಬೇಸಗೆಯೊಂದು ಬಂದು ಪಾಠ ಕಲಿಸೀತೆಂದು ಎಚ್ಚರಿಸಿದನು.

ಆ ಬೇಸಗೆ ೧೮೫೮ರಲ್ಲಿ ಬಂದಿತು. ಜೂನ್ ತಿಂಗಳಲ್ಲಿ ತಾಪ ೩೦ ಡಿಗ್ರಿ ಸೆಲ್ಸಿಯಸನ್ನು ದಾಟಿತು. ಮಳೆಯಿಲ್ಲದೆ ನದಿ ಬತ್ತಿ, ದಂಡೆಯ ಮೇಲೆ ಕೊಳಚೆ ಹದಗೊಂಡು ನಾರತೊಡಗಿತು. ನದಿಯ ಅಂಚಿನಲ್ಲಿಯೇ ಹೊಸದಾಗಿ ಎದ್ದಿದ್ದ ಪಾರ್ಲಿಮೆಂಟ್ ಭವನದಲ್ಲಿ ಸದಸ್ಯರು ಕುಳಿತಿರುವುದು ಅಸಾಧ್ಯವಾಯಿತು. ಸುಣ್ಣದ ನೀರಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ತೂಗುಹಾಕಿದರು, ಪ್ರಯೋಜನವಾಗಲಿಲ್ಲ. ಅರ್ಥಸಚಿವನಾಗಿದ್ದ ಡಿಸ್ರೇಲಿ ಮೂಗಿಗೆ ಕರವಸ್ತ್ರವನ್ನೊತ್ತಿ ಸಮಿತಿಯ ಕೊಠಡಿಯಿಂದ ಹೊರಗೋಡಿದನು. ವರ್ಷಗಟ್ಟಲೆ ಹಣದ ಲೆಕ್ಕ, ಅಧಿಕಾರದ ಜಗಳಗಳಲ್ಲಿ ಕಳೆದುಹೋಗಿದ್ದ ಯೋಜನೆಗೆ ಹದಿನೆಂಟು ದಿನಗಳಲ್ಲಿ ಶಾಸನ ಸಿದ್ಧವಾಯಿತು. ಬಡವರ ಬೀದಿಗಳಲ್ಲಿ ಸಹಸ್ರಾರು ಜನ ಸತ್ತಾಗ ಕದಲದ ಪಾರ್ಲಿಮೆಂಟು ತನ್ನ ಕಿಟಕಿಗೆ ನಾತ ಬಂದಾಗ ಕದಲಿತು. ಇದಕ್ಕಿಂತಲೂ ವಿಚಿತ್ರವಾದದ್ದು ಇನ್ನೊಂದಿದೆ: ಸದಸ್ಯರು ಹೆದರಿದ್ದು ದುರ್ವಾಸನೆಗೆ, ಅದೇ ರೋಗವನ್ನು ತರುತ್ತದೆಂಬ ತಪ್ಪು ತಿಳಿವಳಿಕೆಯಿಂದ. ಕಾರಣವನ್ನು ತಪ್ಪಾಗಿ ಗ್ರಹಿಸಿಯೂ ಅವರು ಸರಿಯಾದ ಕೆಲಸಕ್ಕೆ ಕೈಹಾಕಿದರು. ಸರಿಯಾದ ಕಾರಣವನ್ನು ಅರಿತಿದ್ದ ಜಾನ್ ಸ್ನೋ ಅದೇ ಜೂನ್ ೧೬ರಂದು, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ, ನಿಧನನಾದನು.

ಕಾರ್ಯಭಾರ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನ ಹೆಗಲಿಗೆ ಬಂದಿತು. ಅವನ ಯೋಜನೆ ಸರಳವಾಗಿತ್ತು, ಆದರೆ ಅಗಾಧವಾಗಿತ್ತು. ನದಿಗೆ ಬೀಳುವ ಚರಂಡಿಗಳನ್ನು ಅಡ್ಡಗಟ್ಟುವಂತೆ ನದಿಗೆ ಸಮಾನಾಂತರವಾಗಿ ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಇಟ್ಟಿಗೆಯ ಕೊಳವೆಗಳನ್ನು ಹೂಳುವುದು. ನೆಲದ ಇಳಿಜಾರಿನಿಂದಲೇ ಹೊಲಸು ಹರಿದುಹೋಗಿ ನಗರದ ಪೂರ್ವಕ್ಕೆ, ಉತ್ತರ ದಂಡೆಯಲ್ಲಿ ಬೆಕ್ಟನ್, ದಕ್ಷಿಣ ದಂಡೆಯಲ್ಲಿ ಕ್ರಾಸ್‌ನೆಸ್ ಎಂಬಲ್ಲಿ ಸೇರುವಂತೆ ಮಾಡುವುದು. ತಗ್ಗಿನ ಕೊಳವೆಗಳಿಂದ ಹಬೆಯಂತ್ರಗಳ ಮೂಲಕ ಮೇಲೆತ್ತುವುದು. ಇಳಿತದ ವೇಳೆ ನೋಡಿ ನದಿಗೆ ಬಿಡುವುದು. ಮುಖ್ಯ ಕೊಳವೆಗಳ ಉದ್ದವೇ ೧೩೨ ಕಿಲೋಮೀಟರು. ಬಳಸಿದ ಇಟ್ಟಿಗೆಗಳು ೩೧ ಕೋಟಿಗೂ ಹೆಚ್ಚು. ಅನೇಕ ಕಡೆ ಕೊಳವೆಯ ಆಕಾರ ಮೊಟ್ಟೆಯಂತೆ, ಕಿರಿದಾದ ತುದಿ ಕೆಳಗೆ. ನೀರು ಕಡಮೆಯಾದಾಗಲೂ ಹರಿವಿನ ರಭಸ ಕುಗ್ಗದೆ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಲೆಂದು. ನೀರಿನಲ್ಲಿ ಗಟ್ಟಿಯಾಗುವ ಪೋರ್ಟ್‌ಲೆಂಡ್ ಸಿಮೆಂಟನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಲು ಧೈರ್ಯ ಮಾಡಿದ್ದೂ ಅವನೇ. ಬಂದ ಸಿಮೆಂಟನ್ನು ಪರೀಕ್ಷಿಸದೆ ಕೆಲಸಕ್ಕೆ ಒಪ್ಪುತ್ತಿರಲಿಲ್ಲ. ೧೮೬೬ರಲ್ಲಿ ಕಾಲರಾ ಕೊನೆಯ ಸಲ ಲಂಡನ್ನಿಗೆ ಬಂದಾಗ ಅದು ಹಾವಳಿ ಮಾಡಿದ್ದು ಕೊಳವೆಯ ಕೆಲಸ ಇನ್ನೂ ಮುಗಿಯದಿದ್ದ ಪೂರ್ವಭಾಗದಲ್ಲಿ. ಅಲ್ಲಿಯ ನೀರಿನ ಕಂಪನಿಯ ಅಲಕ್ಷ್ಯವನ್ನು ಬಯಲಿಗೆಳೆದ ಅಂಕಿಅಂಶ ಶಾಸ್ತ್ರಜ್ಞ ವಿಲಿಯಂ ಫಾರ್, ಹಿಂದೆ ಸ್ನೋನ ಮತವನ್ನು ಪೂರ್ತಿ ಒಪ್ಪದಿದ್ದವನು, ಈಗ ಒಪ್ಪಿದನು. ರೋಗಾಣುವನ್ನು ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಗುರುತಿಸಿದ್ದು ೧೮೮೪ರಲ್ಲಿ.

ಕೊಳವೆಗಳನ್ನು ಹುದುಗಿಸಲು ಬ್ಯಾಜಲ್‌ಗೆಟ್ ನದಿಯ ಕೆಸರು ದಂಡೆಗಳನ್ನು ತುಂಬಿ ಕಲ್ಲಿನ ಗೋಡೆಗಳನ್ನು ಕಟ್ಟಿಸಿದನು. ಉತ್ತರದ ವಿಕ್ಟೋರಿಯಾ ದಂಡೆಯ ಒಡಲಲ್ಲಿ ಚರಂಡಿಯೂ ಸುರಂಗ ರೈಲೂ ಒಟ್ಟಿಗೆ ಸಾಗುತ್ತವೆ; ಮೇಲೆ ರಾಜಮಾರ್ಗ, ಉದ್ಯಾನ. ಅಲ್ಲಿಯ ಅವನ ಸ್ಮಾರಕದ ಮೇಲೆ, ನದಿಗೆ ಸಂಕೋಲೆ ತೊಡಿಸಿದವನೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ಕೆತ್ತಿದ್ದಾರೆ. ಎದುರು ದಡದ ಆಲ್ಬರ್ಟ್ ದಂಡೆ ೧೮೬೯ರಲ್ಲಿ ಪೂರ್ಣವಾಯಿತು. ಅದರ ಮುಖ್ಯ ಉದ್ದೇಶ ಲ್ಯಾಂಬೆತ್ತಿನ ತಗ್ಗು ನೆಲವನ್ನು ಪ್ರವಾಹದಿಂದ ಕಾಯುವುದು. ಕನ್ನಡಿಗರಿಗೆ ಆ ದಂಡೆ ಇನ್ನೊಂದು ಕಾರಣದಿಂದ ಪರಿಚಿತ. ೨೦೧೫ರ ನವೆಂಬರ್ ೧೪ರಂದು ಅಲ್ಲಿ ಬಸವೇಶ್ವರರ ಪ್ರತಿಮೆಯನ್ನು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಕಾಲರಾದಿಂದ ತತ್ತರಿಸಿದ ಹಳೆಯ ಲ್ಯಾಂಬೆತ್ತಿನ ನೆಲದಲ್ಲಿ, ನದಿಯಾಚೆ ಪಾರ್ಲಿಮೆಂಟ್ ಭವನ ಕಾಣುವೆಡೆ ಕಲ್ಯಾಣದ ಶರಣರು ನಿಂತಿದ್ದಾರೆ.

ಬ್ಯಾಜಲ್‌ಗೆಟ್ ಹೊಲಸನ್ನು ನಗರದಿಂದ ದೂರ ಮಾಡಿದನೇ ಹೊರತು ನದಿಯಿಂದ ದೂರ ಮಾಡಿರಲಿಲ್ಲ. ಇದರ ಫಲ ೧೮೭೮ರ ಸೆಪ್ಟೆಂಬರ್ ೩ರ ಸಂಜೆ ಕಂಡಿತು. ವಿಹಾರಕ್ಕೆ ಹೋಗಿ ಹಿಂದಿರುಗುತ್ತಿದ್ದ ‘ಪ್ರಿನ್ಸೆಸ್ ಆಲಿಸ್’ ಎಂಬ ಹಬೆದೋಣಿಗೆ ಕಲ್ಲಿದ್ದಲಿನ ಹಡಗೊಂದು ಡಿಕ್ಕಿ ಹೊಡೆಯಿತು. ಹೊಲಸನ್ನು ಆಗತಾನೆ ನದಿಗೆ ಬಿಟ್ಟಿದ್ದರು. ಆ ನೀರಿನಲ್ಲಿ ೬೦೦ಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಹೆಂಗಸರು ಮಕ್ಕಳು, ಪ್ರಾಣಬಿಟ್ಟರು. ಆ ಬಳಿಕ ಗಷ್ಟನ್ನು ಬೇರ್ಪಡಿಸಿ ೧೮೮೭ರಿಂದ ಹಡಗುಗಳಲ್ಲಿ ಸಮುದ್ರಕ್ಕೆ ಒಯ್ಯತೊಡಗಿದರು. ಈ ಪದ್ಧತಿ ೧೯೯೮ರವರೆಗೆ ನಡೆಯಿತು.

ನದಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಕೆಟ್ಟಿತು. ನಗರ ಎಲ್ಲ ಅಂದಾಜನ್ನೂ ಮೀರಿ ಬೆಳೆಯಿತು. ಎರಡನೆಯ ಮಹಾಯುದ್ಧದ ಬಾಂಬುಗಳು ಕೊಳವೆಗಳನ್ನು ಒಡೆದವು. ಹೊಸ ಬಗೆಯ ಮಾರ್ಜಕಗಳು ನೊರೆಯೆಬ್ಬಿಸಿದವು. ವಿದ್ಯುತ್ ಕೇಂದ್ರಗಳು ಬಿಸಿನೀರನ್ನು ಬಿಟ್ಟವು. ನೀರಿನಲ್ಲಿ ಕರಗಿದ ಆಮ್ಲಜನಕವೇ ಜಲಚರಗಳ ಉಸಿರು. ಹೊಲಸನ್ನು ತಿನ್ನುವ ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನೆಲ್ಲ ಹೀರಿಬಿಟ್ಟರೆ, ಅದಿಲ್ಲದೆ ಬದುಕುವ ಬೇರೆ ಜೀವಿಗಳು ತಲೆಯೆತ್ತಿ ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಹೊರಸೂಸುತ್ತವೆ. ಲಂಡನ್ನಿನ ಥೇಮ್ಸಿಗೆ ಬಂದ ಗತಿ ಇದು. ೧೯೫೭ರಲ್ಲಿ ಅಲ್ಲಿಯ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದ ತಜ್ಞರು ಸಮೀಕ್ಷೆ ಮಾಡಿದಾಗ ಪಶ್ಚಿಮದ ಕ್ಯೂನಿಂದ ಪೂರ್ವದ ಗ್ರೇವ್‌ಸೆಂಡಿನವರೆಗೆ ಹಾವುಮೀನಿನ ಹೊರತು ಮೀನಿನ ಸಂತತಿಯೇ ಕಾಣಲಿಲ್ಲ. ನದಿ ಸತ್ತಿದೆಯೆಂದು ಲೋಕ ಮಾತಾಡಿಕೊಂಡಿತು.

ಸತ್ತದ್ದನ್ನು ಬದುಕಿಸಿದ್ದು ಯಾವ ಪವಾಡವೂ ಅಲ್ಲ. ಪ್ರೊಫೆಸರ್ ಪಿಪ್ಪರ್ಡ್ ಎಂಬುವರ ಅಧ್ಯಕ್ಷತೆಯ ಸಮಿತಿ ಹತ್ತು ವರ್ಷ ಅಧ್ಯಯನ ನಡೆಸಿ ೧೯೬೧ರಲ್ಲಿ ವರದಿಯನ್ನೊಪ್ಪಿಸಿತು. ಕ್ರಾಸ್‌ನೆಸ್, ಬೆಕ್ಟನ್‌ಗಳಲ್ಲಿ ಹೊಲಸು ನೀರಿನೊಳಗೆ ಗಾಳಿಯನ್ನೂದಿ ಸೂಕ್ಷ್ಮಜೀವಿಗಳಿಂದಲೇ ಅದನ್ನು ಶುದ್ಧಿಗೊಳಿಸುವ ದೊಡ್ಡ ಸ್ಥಾವರಗಳು ೧೯೭೦ರ ದಶಕದ ಮಧ್ಯದ ಹೊತ್ತಿಗೆ ಸಿದ್ಧವಾದವು. ನದಿಯೊಳಗೆ ನಡೆಯಬಾರದೆಡೆ ನಡೆಯುತ್ತಿದ್ದ ಕ್ರಿಯೆಯನ್ನು ತೊಟ್ಟಿಯೊಳಗೆ ನಡೆಸಿದರು, ಅಷ್ಟೆ. ಮೀನುಗಳು ಮರಳುತ್ತಿವೆಯೆಂಬುದು ಮೊದಲು ತಿಳಿದದ್ದು ವಿದ್ಯುತ್ ಕೇಂದ್ರಗಳ ಮೂಲಕ. ಅವು ನದಿಯಿಂದ ಹೀರಿಕೊಳ್ಳುವ ನೀರಿಗೆ ಅಡ್ಡಲಾಗಿದ್ದ ಜಾಲರಿಗಳಲ್ಲಿ ಸಿಕ್ಕ ಮೀನುಗಳನ್ನು ವಸ್ತುಸಂಗ್ರಹಾಲಯದ ಆಲ್ವಿನ್ ವೀಲರ್ ಎಂಬ ತಜ್ಞರು ಸಂಗ್ರಹಿಸಿ ಪಟ್ಟಿಮಾಡಿದರು. ೧೯೭೪ರ ನವೆಂಬರಿನಲ್ಲಿ ವೆಸ್ಟ್ ತರಕ್ ಕೇಂದ್ರದ ಜಾಲರಿಯಲ್ಲಿ ಒಂದು ಸಾಲ್ಮನ್ ಮೀನು ದೊರೆಯಿತು. ೧೮೩೩ರ ಅನಂತರ ಥೇಮ್ಸಿನಲ್ಲಿ ಖಚಿತವಾಗಿ ಸಿಕ್ಕ ಮೊದಲ ಸಾಲ್ಮನ್ ಅದು. ಅಂದಿನಿಂದ ನೂರಕ್ಕೂ ಹೆಚ್ಚು ಜಾತಿಯ ಮೀನುಗಳು ದಾಖಲಾಗಿವೆ. ಅಳಿವೆಯಲ್ಲಿ ಸೀಲ್ ಪ್ರಾಣಿಗಳು ಮರಿ ಹಾಕುತ್ತವೆ. ಆದರೆ ಸಾಲ್ಮನ್ ಮಾತ್ರ ಒಲಿಯಲಿಲ್ಲ. ೧೯೭೯ರಿಂದ ಮೂರು ದಶಕಗಳ ಕಾಲ ಮರಿಗಳನ್ನು ಬಿಟ್ಟರೂ ಅವು ನೆಲೆ ನಿಲ್ಲಲಿಲ್ಲ. ೨೦೧೧ರಲ್ಲಿ ಆ ಪ್ರಯತ್ನವನ್ನು ಕೈಬಿಡಲಾಯಿತು.

ಉಬ್ಬರದ ಇನ್ನೊಂದು ಅಪಾಯವನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು. ೧೯೨೮ರಲ್ಲಿ ಪ್ರವಾಹ ನಗರದ ಮಧ್ಯದಲ್ಲಿಯೇ ೧೪ ಜನರನ್ನು ಮುಳುಗಿಸಿತು. ೧೯೫೩ರ ಜನವರಿ ೩೧ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ ೩೦೭ ಜನ ಸತ್ತರು. ಆ ಬಳಿಕ ವೂಲಿಚ್ ಬಳಿ ೫೨೦ ಮೀಟರು ಅಗಲದ ನದಿಗೆ ಅಡ್ಡಲಾಗಿ ಹತ್ತು ಉಕ್ಕಿನ ಬಾಗಿಲುಗಳ ಥೇಮ್ಸ್ ತಡೆಗೋಡೆಯನ್ನು ಕಟ್ಟಲಾಯಿತು. ೧೯೮೪ರಲ್ಲಿ ಎಲಿಜಬೆತ್ ರಾಣಿ ಅದನ್ನು ಉದ್ಘಾಟಿಸಿದರು. ಅದರ ದೊಡ್ಡ ಬಾಗಿಲುಗಳು ನದಿಯ ತಳದಲ್ಲಿ ಮಲಗಿರುತ್ತವೆ, ಹಡಗುಗಳು ಅವುಗಳ ಮೇಲೆ ಹಾದುಹೋಗುತ್ತವೆ. ಅಪಾಯ ಬಂದಾಗ ಅವು ಹೊರಳಿ ಎದ್ದು ನಿಲ್ಲುತ್ತವೆ. ೨೦೧೩–೧೪ರ ಒಂದೇ ಚಳಿಗಾಲದಲ್ಲಿ ಅವುಗಳನ್ನು ಐವತ್ತು ಬಾರಿ ಮುಚ್ಚಬೇಕಾಯಿತು.

ಬ್ಯಾಜಲ್‌ಗೆಟ್ಟನ ವ್ಯವಸ್ಥೆಯಲ್ಲಿ ಮಳೆನೀರಿಗೂ ಹೊಲಸಿಗೂ ಒಂದೇ ಕೊಳವೆ. ಜೋರು ಮಳೆಗೆ ಕೊಳವೆ ತುಂಬಿದರೆ ನೀರು ಮನೆಗಳೊಳಗೆ ಮೇಲೇಳದಿರಲೆಂದು ನದಿಯ ಕಡೆಗೆ ಕಿಂಡಿಗಳನ್ನು ಬಿಟ್ಟಿದ್ದನು. ಅವನ ಕಾಲದಲ್ಲಿ ಅವು ಅಪರೂಪಕ್ಕೆ ತೆರೆಯಬೇಕಾಗಿದ್ದವು. ಕಾಂಕ್ರೀಟಿನಿಂದ ಮುಚ್ಚಿದ ಇಂದಿನ ನ‌ಗರದಲ್ಲಿ ಅವು ವಾರಕ್ಕೊಮ್ಮೆಯಂತೆ ತೆರೆದು ವರ್ಷಕ್ಕೆ ಕೋಟಿಗಟ್ಟಲೆ ಟನ್ನು ಹೊಲಸು ನೀರನ್ನು ನದಿಗೆ ಸುರಿಯತೊಡಗಿದ್ದವು. ೨೦೨೪ರ ಮಾರ್ಚಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪ್ರಸಿದ್ಧ ದೋಣಿಪಂದ್ಯ ನಡೆದಾಗ, ನೀರಿಗಿಳಿಯಬಾರದೆಂದು ಸ್ಪರ್ಧಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಇದಕ್ಕೆ ಪರಿಹಾರವಾಗಿ ೨೦೧೬ರಲ್ಲಿ ಒಂದು ಮಹಾಸುರಂಗದ ನಿರ್ಮಾಣ ಆರಂಭವಾಯಿತು. ಪಶ್ಚಿಮದ ಆಕ್ಟನ್ನಿನಿಂದ ಪೂರ್ವದ ಆಬಿ ಮಿಲ್ಸ್‌ವರೆಗೆ ೨೫ ಕಿಲೋಮೀಟರು ಉದ್ದ, ೭.೨ ಮೀಟರು ವ್ಯಾಸ. ಬಹುದೂರ ಅದು ಸಾಗುವುದು ನದಿಯ ತಳದ ಕೆಳಗೆಯೇ. ೨೦೨೫ರ ಫೆಬ್ರವರಿಯಲ್ಲಿ ಅದಕ್ಕೆ ಸೇರಬೇಕಾದ ಎಲ್ಲ ಕಿಂಡಿಗಳ ಜೋಡಣೆಯೂ ಮುಗಿಯಿತು. ಹಳೆಯ ಇಟ್ಟಿಗೆಯ ಕೊಳವೆಗಳು ಇಂದಿಗೂ ತಮ್ಮ ಕೆಲಸ ಮಾಡುತ್ತಿವೆ. ಮಳೆ ಬಿದ್ದು ಅವು ತುಂಬಿದಾಗ ಹೆಚ್ಚಿನ ನೀರು ಹೊಸ ಸುರಂಗಕ್ಕೆ ಇಳಿದು, ಆಬಿ ಮಿಲ್ಸ್ ದಾಟಿ, ಬ್ಯಾಜಲ್‌ಗೆಟ್ ಗುರುತಿಸಿದ್ದ ಅದೇ ಬೆಕ್ಟನ್ನಿಗೆ ಶುದ್ಧೀಕರಣಕ್ಕಾಗಿ ಹೋಗಿ ಸೇರುತ್ತದೆ.